ಅಲುಗಾಡದ ನಾಯಕನನ್ನು ಇಟ್ಟುಕೊಂಡು ಕತೆ ಹೇಳುವುದು: ಒಂದು ಪ್ರಕರಣ ಅಧ್ಯಯನ

ನಾಯಕ ಮಾತಾಡುವುದಿಲ್ಲ. ಕೈಕಾಲು ಆಡುವುದಿಲ್ಲ. ಕಣ್ಣು ತೆರೆದೇ ಇದೆ, ಆದರೆ ಆ ಕಣ್ಣಲ್ಲಿ ಜೀವ ಇರುವ ಗುರುತಿಲ್ಲ. ನೋಡಿದವರೆಲ್ಲ ಸತ್ತಿದ್ದಾನೆ ಅಂದುಕೊಳ್ಳುತ್ತಾರೆ. ಇಂಥವನನ್ನು ಇಟ್ಟುಕೊಂಡು ಅರ್ಧ ಗಂಟೆಯ ಕತೆ ಹೇಳಬೇಕು, ಅದೂ ಮನೆಯಲ್ಲಿ ಕೂತು ನೋಡುವ ಜನ ಎದ್ದು ಹೋಗದ ಹಾಗೆ. 1955ರಲ್ಲಿ ಅಮೆರಿಕದ ಟಿವಿಗಾಗಿ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಕೈಗೆತ್ತಿಕೊಂಡ ಕೆಲಸ ಇದು. ಕಂತಿನ ಹೆಸರು ‘ಬ್ರೇಕ್‌ಡೌನ್’.

ಸಸ್ಪೆನ್ಸ್ ಕತೆ ಬರೆಯುವವರು, ಕಿರುಚಿತ್ರ ಮಾಡುವವರು ಈ ಕಂತನ್ನು ಬಿಚ್ಚಿ ನೋಡಿದರೆ ಕಲಿಯುವುದು ತುಂಬ ಇದೆ. ಅದಕ್ಕೇ ಇದನ್ನು ವಿಮರ್ಶೆಯ ಥರ ಬರೆಯದೆ ಒಂದು ಪ್ರಕರಣದ ಥರ ಬರೆಯುತ್ತಿದ್ದೇನೆ. ಯಾವ ಹಂತದಲ್ಲಿ ಏನು ನಿರ್ಧಾರ ಆಯಿತು, ಅದರಿಂದ ಏನಾಯಿತು ಅನ್ನುವುದೇ ಇಲ್ಲಿ ಮುಖ್ಯ. ಕತೆಯಲ್ಲಿ ಪಾತ್ರಗಳಿಗೆ ಹೆಸರುಗಳಿವೆ, ಇಲ್ಲಿ ಅವನ್ನು ಬಳಸುವುದಿಲ್ಲ. ಮುಖ್ಯ ವ್ಯಕ್ತಿಯನ್ನು ಯಜಮಾನ ಅಂತಲೂ ಅವನ ಕೈಲಿ ಕೆಲಸ ಕಳೆದುಕೊಂಡವನನ್ನು ನೌಕರ ಅಂತಲೂ ಕರೆಯುತ್ತೇನೆ. ಕೊನೆಯನ್ನೂ ಹೇಳುತ್ತೇನೆ. ಕಂತನ್ನು ಇನ್ನೂ ನೋಡಿಲ್ಲದವರು ಮೊದಲು ನೋಡಿ ಬಂದರೆ ಒಳ್ಳೆಯದು.

ಹಿನ್ನೆಲೆ

‘ಆಲ್‌ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಸರಣಿ ಸಿಬಿಎಸ್ ವಾಹಿನಿಯಲ್ಲಿ 1955ರ ಅಕ್ಟೋಬರ್ 2ರಂದು ಶುರುವಾಯಿತು. ಭಾನುವಾರ ರಾತ್ರಿ ಅರ್ಧ ಗಂಟೆ. ವಾರವಾರವೂ ಹೊಸ ಕತೆ, ಹೊಸ ಪಾತ್ರ, ಹೊಸ ಊರು. ಶುರುವಿನಲ್ಲಿ ಫ್ರೆಂಚ್ ಸಂಗೀತ ರಚನಕಾರ ಗೂನೋನ ಗಂಭೀರ ನಡಿಗೆಯ ಸಂಗೀತ, ಗೆರೆಯಲ್ಲಿ ಬಿಡಿಸಿದ ಹಿಚ್‌ಕಾಕ್‌ರ ಪಕ್ಕಮುಖ, ಆ ಗೆರೆಯೊಳಗೆ ಬಂದು ನಿಲ್ಲುವ ಅವರ ನೆರಳು. ಆಮೇಲೆ ಅವರದೇ ಮುನ್ನುಡಿ. ಆ ಮುನ್ನುಡಿಗಳನ್ನು ಬರೆಯುತ್ತಿದ್ದವರು ಜೇಮ್ಸ್ ಅಲ್ಲರ್ಡೈಸ್. ಸರಣಿಯ ಪೂರ್ತಿ ಉಸ್ತುವಾರಿ ಜೋನ್ ಹ್ಯಾರಿಸನ್ ಅವರದು. ಹಿಂದೆ ಹಿಚ್‌ಕಾಕ್‌ರ ಸಿನಿಮಾಗಳಿಗೆ ಚಿತ್ರಕತೆ ಬರೆದ ಅನುಭವ ಇದ್ದ ಆಕೆ ಕತೆ ಆರಿಸುವುದರಲ್ಲಿ ತುಂಬ ಗಟ್ಟಿ. 1962ರವರೆಗೆ ಅರ್ಧ ಗಂಟೆಯ 268 ಕಂತುಗಳು ಬಂದವು. ಆಮೇಲೆ 1965ರವರೆಗೆ ಒಂದು ಗಂಟೆಯ 93 ಕಂತುಗಳು.

ಹೆಸರು ಅವರದ್ದಾದರೂ ಹಿಚ್‌ಕಾಕ್ ತಾವೇ ನಿರ್ದೇಶಿಸಿದ್ದು ಬಹಳ ಕಡಿಮೆ. ಆ 268ರಲ್ಲಿ 17 ಮಾತ್ರ. ಹಾಗಾದರೆ ಯಾವ ಕತೆಯನ್ನು ತಮಗೇ ಅಂತ ಇಟ್ಟುಕೊಂಡರು ಅನ್ನುವುದು ಮುಖ್ಯವಾಗುತ್ತದೆ ಅಲ್ವಾ? ‘ಬ್ರೇಕ್‌ಡೌನ್’ ಅವರು ಈ ಸರಣಿಗೆ ಮೊಟ್ಟಮೊದಲು ಚಿತ್ರೀಕರಿಸಿದ ಕಂತು. ಆದರೆ ಮೊದಲು ಪ್ರಸಾರವಾಗಿದ್ದು ಅದಲ್ಲ. ಆಮೇಲೆ ಮಾಡಿದ ‘ರಿವೆಂಜ್’ ಅನ್ನುವ ಕಂತು ಚೆನ್ನಾಗಿ ಬಂದಿತ್ತು ಅಂತ ಅದನ್ನು ಮುಂದೆ ಹಾಕಿದರು. ‘ಬ್ರೇಕ್‌ಡೌನ್’ ಏಳನೆಯದಾಗಿ ನವೆಂಬರ್ 13ರಂದು ಬಂತು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರವೇ. ಹೊಸ ಸರಣಿಯ ಮೊದಲ ರಾತ್ರಿಯೇ ಜನರ ಮುಂದೆ ಅಲುಗಾಡದ ಮುಖ ಇಡುವುದು ದೊಡ್ಡ ಜೂಜು. ಆದರೆ ಟಿವಿಗೆ ಬಂದ ತಕ್ಷಣ ಅವರು ಮೊದಲು ಮುಟ್ಟಿದ್ದೇ ಇಷ್ಟು ಕಷ್ಟದ ಕತೆಯನ್ನ ಅನ್ನುವುದು ಉಳಿಯುತ್ತದೆ.

ಮೂಲ ಕತೆ ಲೂಯಿಸ್ ಪೊಲಾಕ್ ಅವರದು. ಟಿವಿಗೆ ಬರೆದುಕೊಟ್ಟವರು ಪೊಲಾಕ್ ಮತ್ತು ಫ್ರಾನ್ಸಿಸ್ ಕಾಕ್ರೆಲ್. ಯಜಮಾನನ ಪಾತ್ರ ನಟ ಜೋಸೆಫ್ ಕಾಟನ್ ಅವರದು.

ಒಂದು ಫೋನ್ ಕರೆ

ಯಜಮಾನ ಊರಲ್ಲಿಲ್ಲ. ಕೆಲಸದ ಊರಾದ ನ್ಯೂಯಾರ್ಕಿನಿಂದ ದೂರ, ಫ್ಲಾರಿಡಾದ ಬಿಸಿಲಲ್ಲಿ ರಜೆಯಲ್ಲಿದ್ದಾನೆ. ರಜೆ ಅಂದರೂ ವ್ಯವಹಾರ ಬಿಟ್ಟಿಲ್ಲ. ಅಲ್ಲಿಗೆ ಒಂದು ಫೋನ್ ಬರುತ್ತದೆ. ಬಹಳ ಕಾಲದಿಂದ ಕಂಪನಿಯಲ್ಲಿದ್ದ ನೌಕರನೊಬ್ಬನನ್ನು ಕೆಲಸದಿಂದ ತೆಗೆದಿದ್ದಾರೆ. ಆತ ಫೋನಲ್ಲಿ ಕಾರಣ ಕೇಳುತ್ತಾನೆ, ಬೇಡಿಕೊಳ್ಳುತ್ತಾನೆ, ಮಾತಿನ ಮಧ್ಯೆ ಅತ್ತೇಬಿಡುತ್ತಾನೆ. ಯಜಮಾನನಿಗೆ ಅಯ್ಯೋ ಅನ್ನಿಸುವುದಿಲ್ಲ, ಹೇಸಿಗೆಯಾಗುತ್ತದೆ. ಗಂಡಸು ಹೀಗೆ ಅಳುವುದೇ, ಇಂಥ ದುರ್ಬಲತೆ ತನಗೆ ಸೇರುವುದಿಲ್ಲ ಅನ್ನುವ ಧಾಟಿಯಲ್ಲಿ ಪಕ್ಕದಲ್ಲಿದ್ದ ಗೆಳೆಯನ ಹತ್ತಿರ ಮಾತಾಡುತ್ತಾನೆ.

ಈ ದೃಶ್ಯ ಹೆಚ್ಚು ಹೊತ್ತಿಲ್ಲ. ಆದರೆ ಇಡೀ ಕಂತು ನಿಂತಿರುವುದು ಇದರ ಮೇಲೆ. ಇಲ್ಲಿ ಬರಹಗಾರರು ತೆಗೆದುಕೊಂಡ ಒಂದು ನಿರ್ಧಾರ ಗಮನಿಸಿ. ಯಜಮಾನನನ್ನು ರಾಕ್ಷಸನ ಥರ ತೋರಿಸಿಲ್ಲ. ಅವನು ಕೂಗಾಡುವುದಿಲ್ಲ, ಬೈಯುವುದಿಲ್ಲ. ಬಿಸಿನೆಸ್ ಅಂದರೆ ಹೀಗೇ ಅನ್ನುವ ಸಾದಾ ನಂಬಿಕೆ ಅವನದು. ನಮ್ಮ ಆಫೀಸುಗಳಲ್ಲೂ ಇಂಥ ಮನುಷ್ಯರನ್ನು ನೋಡಿಯೇ ಇರುತ್ತೀರಿ. ಒಳ್ಳೆಯ ಬಟ್ಟೆ, ಮೆಲುದನಿ, ಎದುರಿನವರ ಕಣ್ಣೀರು ಕಂಡರೆ ಮಾತ್ರ ಮುಖ ತಿರುಗಿಸುವ ಚಾಳಿ. ಅವನು ಪೂರ್ತಿ ಕೆಟ್ಟವನಾಗಿದ್ದರೆ ಮುಂದೆ ಅವನಿಗೆ ಏನಾದರೂ ನಾವು ‘ಆಗಬೇಕಾದ್ದೇ’ ಅಂತ ಸುಮ್ನೆ ನೋಡಿಕೊಂಡು ಕೂರುತ್ತಿದ್ದೆವು. ಹಾಗಾಗಲಿಲ್ಲ. ಅವನ ಮೇಲೆ ಒಂದು ಅಸಮಾಧಾನ ಇಟ್ಟುಕೊಂಡೇ ಅವನ ಜೊತೆ ಕಾರು ಹತ್ತುತ್ತೇವೆ.

ಹೌದು, ಕಾರು. ಅಷ್ಟು ದೂರದ ನ್ಯೂಯಾರ್ಕಿಗೆ ಯಜಮಾನ ತಾನೇ ಕಾರು ಓಡಿಸಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕೈದಿಗಳಿಂದ ರಸ್ತೆ ಕೆಲಸ ಮಾಡಿಸುತ್ತಿದ್ದಾರೆ. ಕಾರು ಅಲ್ಲಿನ ಭಾರೀ ಯಂತ್ರಕ್ಕೆ ಗುದ್ದುತ್ತದೆ. ಆ ಗಲಾಟೆಯಲ್ಲಿ ಕೈದಿಗಳು ತಪ್ಪಿಸಿಕೊಳ್ಳುತ್ತಾರೆ. ಯಜಮಾನ ಸೀಟಲ್ಲೇ ಸ್ಟೀರಿಂಗ್ ಹಿಂದೆ ಸಿಕ್ಕಿಬಿದ್ದಿದ್ದಾನೆ. ಎಚ್ಚರ ಇದೆ, ಕಾಣಿಸುತ್ತಿದೆ, ಕೇಳಿಸುತ್ತಿದೆ. ಮೈ ಮಾತ್ರ ಒಂದು ಚೂರೂ ಮಾತು ಕೇಳುತ್ತಿಲ್ಲ.

ತೊಡಕು ಎರಡು ಕಡೆ

ಇಲ್ಲಿಂದ ತೊಡಕು ಒಂದಲ್ಲ, ಎರಡು. ಒಂದು ಯಜಮಾನನದು: ತಾನು ಬದುಕಿದ್ದೇನೆ ಅಂತ ಯಾರಿಗಾದರೂ ಹೇಗೆ ತಿಳಿಸುವುದು? ಇನ್ನೊಂದು ನಿರ್ದೇಶಕರದು: ಏನೂ ಮಾಡಲಾರದವನು ಏನೋ ಮಾಡುತ್ತಿದ್ದಾನೆ ಅಂತ ನೋಡುಗರಿಗೆ ಹೇಗೆ ಅನ್ನಿಸುವುದು? ಈ ಎರಡೂ ಪ್ರಶ್ನೆಗೆ ಒಂದೇ ಉತ್ತರ ಹುಡುಕಿದ್ದು ಈ ಕಂತಿನ ಜಾಣತನ. ಯಜಮಾನನ ಪ್ರತಿ ಪ್ರಯತ್ನವೂ ನಿರ್ದೇಶಕರಿಗೆ ಒಂದು ದೃಶ್ಯ.

ಇದಕ್ಕೆ ಹಿಂದಿನ ವರ್ಷವಷ್ಟೇ, ಅಂದರೆ 1954ರಲ್ಲಿ, ಹಿಚ್‌ಕಾಕ್‌ರ ‘ರಿಯರ್ ವಿಂಡೋ’ ಸಿನಿಮಾ ಬಂದಿತ್ತು. ಅಲ್ಲೂ ನಾಯಕ ಎದ್ದು ಓಡಾಡುವ ಹಾಗಿಲ್ಲ, ಕಾಲಿಗೆ ಪ್ಲಾಸ್ಟರ್. ಆದರೆ ಅವನಿಗೆ ಬಾಯಿತ್ತು, ಕೈಯಿತ್ತು, ಬೈನಾಕ್ಯುಲರ್ ಇತ್ತು, ಹೇಳಿದ ಮಾತು ಕೇಳುವ ಗೆಳತಿ ಇದ್ದಳು. ‘ಬ್ರೇಕ್‌ಡೌನ್’ ಅವನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡಿತು.

ಏನೇನು ಮಾಡಿ ನೋಡಿದರು

ಮೊದಲ ಉಪಾಯ ಒಳದನಿ. ಯಜಮಾನ ಮನಸ್ಸಲ್ಲಿ ಅಂದುಕೊಳ್ಳುವುದು ನಮಗೆ ಕೇಳಿಸುತ್ತದೆ. ಇದು ಎಲ್ಲರಿಗೂ ಹೊಳೆಯುವ ಉಪಾಯವೇ. ಬಳಸಿದ ರೀತಿ ಮಾತ್ರ ಬೇರೆ. ಆ ದನಿ ಶುರುವಿನಲ್ಲಿ ಆಫೀಸಿನ ದನಿಯೇ. ಗಾಬರಿ ಬೇಡ, ಯೋಚನೆ ಮಾಡು, ಯಾರಾದರೂ ಬಂದೇ ಬರುತ್ತಾರೆ ಅಂತ ಲೆಕ್ಕ ಹಾಕುತ್ತದೆ. ಒಬ್ಬರು ಬಂದು ಹೋದ ಮೇಲೆ ಆ ಲೆಕ್ಕ ಸ್ವಲ್ಪ ಸಡಿಲಾಗುತ್ತದೆ. ಇನ್ನೊಬ್ಬರು ಬಂದು ಹೋದ ಮೇಲೆ ಇನ್ನೂ ಸ್ವಲ್ಪ. ಮುಖ ಬದಲಾಗುವುದೇ ಇಲ್ಲ, ದನಿ ಮಾತ್ರ ಕರಗುತ್ತಾ ಹೋಗುತ್ತದೆ. ಕಾಟನ್ ಅವರನ್ನು ಆರಿಸಿದ್ದು ಇಲ್ಲಿ ಫಲ ಕೊಟ್ಟಿತು. ಅವರು ನಟ-ನಿರ್ದೇಶಕ ಆರ್ಸನ್ ವೆಲ್ಸ್‌ರ ಮರ್ಕ್ಯುರಿ ನಾಟಕ ತಂಡದ ಜೊತೆ ರಂಗದ ಮೇಲೂ ರೇಡಿಯೊದಲ್ಲೂ ಕೆಲಸ ಮಾಡಿ ಬಂದವರು. ಮುಖದ ನೆರವಿಲ್ಲದೆ ಬರೀ ಗಂಟಲಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಅವರಿಗೆ ಗೊತ್ತಿತ್ತು. ಆಕಾಶವಾಣಿಯಲ್ಲಿ ನಾಟಕ ಕೇಳಿ ಬೆಳೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಎರಡನೆಯದು ಕ್ಯಾಮೆರಾ. ಸುಮ್ಮನಿರುವ ವ್ಯಕ್ತಿಯನ್ನು ತೋರಿಸುವಾಗ ಕ್ಯಾಮೆರಾವನ್ನಾದರೂ ಓಡಾಡಿಸೋಣ ಅನ್ನಿಸುವುದು ಸಹಜ. ಹಿಚ್‌ಕಾಕ್ ಆ ಆಸೆಗೆ ಬೀಳಲಿಲ್ಲ. ಕ್ಯಾಮೆರಾ ಆ ಮುಖವನ್ನು ಹತ್ತಿರದಿಂದ ಹಿಡಿದು ನಿಂತುಬಿಡುತ್ತದೆ. ತೆರೆದ ಕಣ್ಣು, ಒಂದು ಕಡೆಗೆ ವಾಲಿದ ತಲೆ. ಮತ್ತೆ ಅದೇ ಮುಖ. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಕಣ್ಣೇ ಆ ಮುಖದ ಮೇಲೆಲ್ಲ ಓಡಾಡತೊಡಗುತ್ತದೆ. ರೆಪ್ಪೆ ಅಲುಗಿತಾ? ತುಟಿ ನಡುಗಿತಾ? ಏನಾದರೂ ಸಿಗಬಹುದು ಅಂತ ಹುಡುಕುತ್ತೇವೆ. ಅಷ್ಟು ಹುಡುಕುವ ಅಭ್ಯಾಸ ನಮಗೆ ಆಗಲೇ ಆಗಿರಬೇಕು. ಕೊನೆಯ ದೃಶ್ಯಕ್ಕೆ ಅದು ಬೇಕಾಗುತ್ತದೆ.

ಮೂರನೆಯದು ಬೆರಳು. ಯಜಮಾನನಿಗೆ ಒಂದು ಬೆರಳು ಆಡುತ್ತದೆ ಅಂತ ಗೊತ್ತಾಗುತ್ತದೆ. ಪ್ರಕರಣದ ಮೊದಲ ದೊಡ್ಡ ತಿರುವು ಇದೇ. ಅಲ್ಲಿವರೆಗೆ ಇದ್ದದ್ದು ಬರೀ ಭಯ. ಬೆರಳು ಆಡಿದ ಕ್ಷಣದಿಂದ ಅದು ಹೋರಾಟವಾಗುತ್ತದೆ. ಅವನು ಆ ಬೆರಳಿಂದ ಕುಟ್ಟಿ ಸದ್ದು ಮಾಡಬಲ್ಲ. ಟಕ್, ಟಕ್. ಯಾರಾದರೂ ಒಂದೇ ಒಂದು ನಿಮಿಷ ಸುಮ್ಮನಿದ್ದು ಕಿವಿಗೊಟ್ಟರೆ ಸಾಕು.

ಈಗ ಬರಹಗಾರರು ಮಾಡಿದ ಬಿಗಿಯಾದ ಕೆಲಸ ನೋಡಿ. ಪ್ರತಿ ಸಲವೂ ಆ ಪ್ರಯತ್ನ ಸೋಲುವುದಕ್ಕೆ ಒಂದು ತೀರಾ ಸಾಮಾನ್ಯ ಕಾರಣ ಇದೆ. ಬೆರಳಿನ ಸದ್ದು ಸುತ್ತಲಿನ ದೊಡ್ಡ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಬಂದವರಿಗೆ ಅವರವರ ಅವಸರ. ತಪ್ಪಿಸಿಕೊಂಡ ಕೈದಿಗಳಿಗೆ ಬೇಕಾಗಿರುವುದು ಮೈಮೇಲಿನ ಬಟ್ಟೆ, ಏಕೆಂದರೆ ಜೈಲಿನ ಬಟ್ಟೆಯಲ್ಲಿ ಹೆಚ್ಚು ದೂರ ಹೋಗಲಾಗದು. ಅಧಿಕಾರಿಗಳು ಬಂದಾಗ ಅವರ ತಲೆಯಲ್ಲಿರುವುದು ಓಡಿಹೋದ ಕೈದಿಗಳ ಚಿಂತೆ. ಸತ್ತವನನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುವುದು ಅವರ ಪಾಲಿಗೆ ನ್ಯಾಯವಾದ ಮಾತೇ. ಇವರಲ್ಲಿ ಯಾರನ್ನೂ ನಾವು ಮೂರ್ಖರು ಅಂತ ಬೈಯುವ ಹಾಗಿಲ್ಲ. ನಾವೇ ಅಲ್ಲಿದ್ದರೂ ಹಾಗೇ ಮಾಡುತ್ತಿದ್ದೆವೇನೋ. ಸಂಕಟ ಇರುವುದೇ ಇದರಲ್ಲಿ.

ಬಟ್ಟೆ ಹೋದದ್ದು ಇನ್ನೊಂದು ತಿರುವು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕೋಟು ಹೋದರೆ ಚಳಿಯಾಗುತ್ತದೆ ಅಷ್ಟೇ ಅಲ್ಲ. ಯಜಮಾನ ಯಜಮಾನನಾಗಿದ್ದದ್ದು ಆ ಕೋಟಿನಿಂದ, ಜೇಬಿನ ಕಾಗದಪತ್ರದಿಂದ, ಆ ಕಾರಿನಿಂದ. ಅವು ಹೋದ ಮೇಲೆ ಅವನು ಯಾರೋ ಒಬ್ಬ. ಬೆಳಿಗ್ಗೆ ಫೋನಲ್ಲಿ ಒಬ್ಬ ನೌಕರನ ಬದುಕನ್ನು ಒಂದು ಮಾತಲ್ಲಿ ಮುಗಿಸಿದವನ ಬಗ್ಗೆ ಈಗ ಬೇರೆಯವರು ಒಂದು ನೋಟದಲ್ಲಿ ತೀರ್ಮಾನ ಮಾಡುತ್ತಿದ್ದಾರೆ. ಇವನ ಮಾತು ಕೇಳುವವರು ಯಾರೂ ಇಲ್ಲ. ಕಂತು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಾವೇ ಕೂಡಿಸಿಕೊಳ್ಳಬೇಕು.

ಶವಾಗಾರದಲ್ಲಿ

ಕೊನೆಗೆ ಅವನನ್ನು ಹೆಣ ಅಂತಲೇ ಶವಾಗಾರಕ್ಕೆ ತರುತ್ತಾರೆ. ಇಲ್ಲಿ ಸದ್ದಿಲ್ಲ. ಬೆರಳು ಕುಟ್ಟಿದರೆ ಖಂಡಿತ ಕೇಳಿಸುವ ಜಾಗ. ನಾವೂ ಅಂದುಕೊಳ್ಳುತ್ತೇವೆ, ಇನ್ನೇನು ಬದುಕಿದ ಅಂತ. ಆದರೆ ಮಲಗಿಸುವಾಗ ಅವನ ಆ ಕೈ ಮೈಯಡಿಗೆ ಸಿಕ್ಕಿಕೊಂಡಿದೆ. ಅದೊಂದೇ ಬೆರಳು, ಅದೂ ಈಗ ಉಪಯೋಗಕ್ಕಿಲ್ಲ. ಮೇಲೆ ಬಟ್ಟೆ ಹೊದಿಸುತ್ತಾರೆ. ದೀಪ ಆರುತ್ತದೆ.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ನಿರ್ಧಾರ ಇದು. ಬೆರಳನ್ನು ಕೊಟ್ಟವರೇ ಬೆರಳನ್ನು ಕಿತ್ತುಕೊಂಡರು. ಅಷ್ಟು ಹೊತ್ತು ನಮ್ಮ ಆಸೆಯನ್ನೆಲ್ಲ ಅದರ ಮೇಲೆ ಇಡಿಸಿ, ಅದು ಕೆಲಸಕ್ಕೆ ಬರಬಹುದಾದ ಏಕೈಕ ಜಾಗಕ್ಕೆ ಕರೆತಂದು, ಅಲ್ಲಿ ಕಸಿದುಕೊಂಡರು. ಕಸಿದುಕೊಂಡದ್ದು ಯಾವ ವೈರಿಯೂ ಅಲ್ಲ. ಹೆಣ ಮಲಗಿಸುವ ಕೆಲಸದವರು ದಿನದ ಕೆಲಸ ಮಾಡಿ ಹೋದರು, ಅಷ್ಟೇ.

ರಾತ್ರಿ ಕಳೆಯುತ್ತದೆ. ಒಳದನಿಯಲ್ಲಿ ಲೆಕ್ಕಾಚಾರ ಉಳಿದಿಲ್ಲ. ಬೆಳಗಾದ ಮೇಲೆ ಜನ ಬರುತ್ತಾರೆ, ಅವನ ಬಗ್ಗೆ ಅವನ ಎದುರೇ ಮಾತಾಡುತ್ತಾರೆ. ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಒಬ್ಬರ ಕಣ್ಣಿಗೆ ಏನೋ ಬೀಳುತ್ತದೆ. ಸತ್ತವನ ಕಣ್ಣಲ್ಲಿ ನೀರು. ಯಜಮಾನ ಅತ್ತಿದ್ದಾನೆ. ಸತ್ತವರು ಅಳುವುದಿಲ್ಲ. ಒಳದನಿ ದೇವರಿಗೆ ಕೃತಜ್ಞತೆ ಹೇಳುತ್ತದೆ, ಕಂತು ಮುಗಿಯುತ್ತದೆ.

ಈ ಕಣ್ಣೀರು ಅವನ ಪ್ರಯತ್ನ ಆಗಿರಲಿಲ್ಲ. ಯೋಚನೆ ಮಾಡಿ ಮಾಡಿದ್ದೆಲ್ಲ ಸೋತಿತ್ತು. ಎಲ್ಲ ಕೈಬಿಟ್ಟ ಮೇಲೆ ತಾನಾಗಿ ಬಂದದ್ದು ಉಳಿಸಿತು. ಫೋನ್ ಕರೆಯಲ್ಲಿ ನೌಕರ ಮಾಡಿದ್ದೂ ಇದನ್ನೇ, ಆದರೆ ಅವನ ಕಣ್ಣೀರಿನಿಂದ ಅವನ ಕೆಲಸ ಉಳಿಯಲಿಲ್ಲ. ಆ ಅನ್ಯಾಯ ಹಾಗೇ ಉಳಿದಿದೆ. ಯಜಮಾನ ಚೇತರಿಸಿಕೊಂಡು ನೌಕರನನ್ನು ಮತ್ತೆ ಕರೆಯುವ ದೃಶ್ಯ ಇಲ್ಲ. ಅದನ್ನು ಹಾಕದೇ ಇದ್ದದ್ದಕ್ಕೆ ನನಗೆ ಬಹಳ ಗೌರವ ಇದೆ. ಹಾಕಿದ್ದರೆ ಅದೊಂದು ನೀತಿಪಾಠ ಆಗುತ್ತಿತ್ತು.

ಬೇರೆ ಥರ ಮುಗಿದಿದ್ದರೆ

ಒಂದು ಪ್ರಕರಣವನ್ನು ಅಳೆಯಬೇಕಾದರೆ ಆಗದೇ ಹೋದದ್ದನ್ನೂ ನೋಡಬೇಕು. ಬೆರಳಿನ ಸದ್ದು ಕೊನೆಗೆ ಯಾರಿಗೋ ಕೇಳಿಸಿತು ಅಂತಿಟ್ಟುಕೊಳ್ಳಿ. ಸಸ್ಪೆನ್ಸ್ ಕತೆಯಾಗಿ ಅದೂ ನಡೆಯುತ್ತಿತ್ತು. ಛಲ ಬಿಡದವನು ಗೆದ್ದ ಅನ್ನುವ ತೃಪ್ತಿ ಸಿಗುತ್ತಿತ್ತು. ಆದರೆ ಆಗ ಫೋನ್ ದೃಶ್ಯ ಬೇಕೇ ಇರಲಿಲ್ಲ. ಕತ್ತರಿಸಿ ಎಸೆದರೂ ಕತೆ ನಿಲ್ಲುತ್ತಿತ್ತು. ವೈದ್ಯರೊಬ್ಬರು ನಾಡಿ ಹಿಡಿದು ಪತ್ತೆ ಮಾಡಿದ್ದರೆ? ಆಗ ಉಳಿಸಿದ ಕೀರ್ತಿ ವೈದ್ಯರಿಗೆ ಹೋಗುತ್ತಿತ್ತು, ಯಜಮಾನ ಬರೀ ಸರಕು ಆಗುತ್ತಿದ್ದ. ಅವನು ಸತ್ತೇ ಹೋಗಿದ್ದರೆ? ಆ ಕಾಲದ ಬೇರೆ ಬೇರೆ ಸಸ್ಪೆನ್ಸ್ ಕತೆಗಳಲ್ಲಿ ಹಾಗೆ ಆಗುತ್ತಿದ್ದದ್ದು ಉಂಟು. ಆಗ ಅದು ಶಿಕ್ಷೆಯ ಕತೆ. ಕಣ್ಣೀರೊಂದೇ ಶುರುವಿನ ದೃಶ್ಯವನ್ನೂ ಕೊನೆಯ ದೃಶ್ಯವನ್ನೂ ಹೊಲಿದುಬಿಡುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಐದು ವರ್ಷದ ಮೇಲೆ, 1960ರಲ್ಲಿ, ಇದೇ ಟಿವಿ ತಂಡದ ಬಹುಪಾಲು ಜನರನ್ನು ಕಟ್ಟಿಕೊಂಡು ಹಿಚ್‌ಕಾಕ್ ಸುಮಾರು 8 ಲಕ್ಷ ಡಾಲರಿನಲ್ಲಿ ‘ಸೈಕೋ’ ಸಿನಿಮಾ ಮಾಡಿದರು. ಕ್ಯಾಮೆರಾ ಹಿಡಿದ ಜಾನ್ ಎಲ್. ರಸೆಲ್ ಕೂಡ ಈ ಸರಣಿಯವರೇ. ಅದರಲ್ಲಿ ಬಚ್ಚಲುಮನೆಯ ಕೊಲೆಯ ನಂತರ ಕ್ಯಾಮೆರಾ ನೆಲದ ಮೇಲೆ ಬಿದ್ದ ಹೆಣದ ತೆರೆದ ಕಣ್ಣಿನಿಂದ ನಿಧಾನವಾಗಿ ಹಿಂದೆ ಸರಿಯುತ್ತದೆ. ಕೆನ್ನೆಯ ಮೇಲೆ ನೀರಿನ ಹನಿ. ನೋಡುವವರು ಅಲ್ಲೂ ಜೀವ ಹುಡುಕುತ್ತಾರೆ. ‘ಬ್ರೇಕ್‌ಡೌನ್’ ನೋಡಿದವರಿಗೆ ಆ ದೃಶ್ಯದ ಕ್ರೌರ್ಯ ಇನ್ನೂ ಜಾಸ್ತಿ ತಟ್ಟುತ್ತದೆ, ಏಕೆಂದರೆ ಹನಿ ಕಂಡರೆ ಬದುಕಿದ್ದಾನೆ ಅಂತ ನಮಗೆ ಕಲಿಸಿದವರು ಇವರೇ.

ವೈದ್ಯರು ಕೇಳಬಹುದಾದ ಪ್ರಶ್ನೆ

ವೈದ್ಯರು ಈ ಕಂತು ನೋಡಿದರೆ ತಕರಾರು ಎತ್ತುತ್ತಾರೆ, ಅದು ನ್ಯಾಯವೂ ಹೌದು. ಉಸಿರಾಟ ಯಾರಿಗೂ ಕಾಣಲಿಲ್ಲವೇ? ಮೈ ಬೆಚ್ಚಗಿರಲಿಲ್ಲವೇ? ಒಂದು ಸಲ ಎದೆಗೆ ಕಿವಿ ಕೊಟ್ಟಿದ್ದರೆ ಆಗುತ್ತಿತ್ತಲ್ಲ? ಕಂತು ಈ ಪ್ರಶ್ನೆಗಳನ್ನು ಅವಸರದಲ್ಲಿ ದಾಟಿಸಿಬಿಡುತ್ತದೆ. ಎಲ್ಲರಿಗೂ ಬೇರೆ ಕೆಲಸ ಕೊಟ್ಟು ಹತ್ತಿರ ಬಗ್ಗಿ ನೋಡದ ಹಾಗೆ ಮಾಡುತ್ತದೆ. ಇದು ಕತೆಯ ದುರ್ಬಲ ಜಾಗವೇ, ಮುಚ್ಚಿಡುವುದು ಬೇಡ.

ಆದರೆ ಕತೆಯ ಒಳಗಿನ ಭಯ ಸುಳ್ಳಲ್ಲ. ಎಚ್ಚರ ಪೂರ್ತಿ ಇದ್ದು ಮೈಯೆಲ್ಲ ಸ್ತಬ್ಧವಾಗುವ ಸ್ಥಿತಿ ನಿಜಕ್ಕೂ ಇದೆ. ಅದಕ್ಕೆ ‘ಲಾಕ್ಡ್-ಇನ್ ಸಿಂಡ್ರೋಮ್’ ಅಂತ ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ ಅನ್ನುವ ವೈದ್ಯರು ಹೆಸರಿಟ್ಟದ್ದು 1966ರಲ್ಲಿ, ಕಂತು ಬಂದು ಹನ್ನೊಂದು ವರ್ಷದ ನಂತರ. ಸಾಮಾನ್ಯವಾಗಿ ಮಿದುಳಿನ ಬುಡದ ಭಾಗಕ್ಕೆ ರಕ್ತ ಹೋಗುವುದು ನಿಂತಾಗ ಹೀಗಾಗುತ್ತದೆ. ಅಂಥ ರೋಗಿಗಳಿಗೆ ಬೆರಳು ಆಡುವುದಕ್ಕಿಂತ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಉಳಿದಿರುತ್ತದೆ. ರೆಪ್ಪೆ ಬಡಿದು ಹೌದು-ಇಲ್ಲ ಹೇಳುವುದು, ಒಂದೊಂದೇ ಅಕ್ಷರ ಆರಿಸಿ ಮಾತು ಕೂಡಿಸುವುದು ಇವೆಲ್ಲ ಆ ದಾರಿಯಿಂದಲೇ ಬಂದವು. ಹಾಗೆ ನೋಡಿದರೆ ಕಂತು ವೈದ್ಯಕೀಯವಾಗಿ ತಲೆಕೆಳಗು: ಉಳಿಯಬೇಕಾದ ಕಣ್ಣಿನ ಚಲನೆಯನ್ನು ಕಿತ್ತುಕೊಂಡು ಹೋಗಬೇಕಾದ ಬೆರಳನ್ನು ಉಳಿಸಿದೆ.

ಆದರೆ ಒಂದು ವಿಷಯದಲ್ಲಿ ಅದು ತೀರಾ ಸರಿ. ನಿಜವಾದ ಪ್ರಕರಣಗಳಲ್ಲಿ ರೋಗಿಗೆ ಎಚ್ಚರ ಇದೆ ಅಂತ ಬಹಳ ಸಲ ಮೊದಲು ಗಮನಿಸುವವರು ಮನೆಯವರು. ಹೆಂಡತಿ, ಮಗಳು, ಅಮ್ಮ ಯಾರಾದರೂ. ‘ಇವರು ನನ್ನ ಮಾತು ಕೇಳಿಸಿಕೊಳ್ತಿದಾರೆ ಡಾಕ್ಟ್ರೇ’ ಅಂತ ಹೇಳುವವರು ಅವರೇ. ಆ ಮುಖದ ದಿನದ ಚಹರೆ ಅವರಿಗೆ ಗೊತ್ತಿರುತ್ತದೆ, ಅದರಲ್ಲಿ ಕೂದಲೆಳೆಯಷ್ಟು ಬದಲಾದರೂ ತಿಳಿಯುತ್ತದೆ. ಯಜಮಾನನ ಸುತ್ತ ಆ ದಿನ ಅವನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಬರಹಗಾರರು ಅವನನ್ನು ದೂರದ ಊರಿನ ರಸ್ತೆಯಲ್ಲಿ, ಒಬ್ಬನೇ, ಗುರುತಿನ ಕಾಗದ ಇಲ್ಲದೆ ಬಿಟ್ಟದ್ದು ಬರೀ ಕತೆಯ ಅನುಕೂಲಕ್ಕೆ ಅಂತ ನನಗೆ ಅನ್ನಿಸುವುದಿಲ್ಲ.

ಬರೆಯುವವರಿಗೆ

ಹಿಚ್‌ಕಾಕ್ ಬೇರೆ ಕಡೆ ಹೇಳಿದ ಮಾತೊಂದು ಎಲ್ಲರಿಗೂ ಗೊತ್ತು. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಅದು ಅಚ್ಚರಿ, ಬಾಂಬಿದೆ ಅಂತ ನೋಡುಗರಿಗೆ ಮೊದಲೇ ಗೊತ್ತಿದ್ದರೆ ಅದು ಸಸ್ಪೆನ್ಸ್. ‘ಬ್ರೇಕ್‌ಡೌನ್’ ಆ ಮಾತಿಗೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೋಡುಗರಿಗೆ ಗೊತ್ತು, ನಾಯಕನಿಗೂ ಗೊತ್ತು. ಗೊತ್ತಿಲ್ಲದಿರುವುದು ಸುತ್ತ ನಿಂತವರಿಗೆ ಮಾತ್ರ. ನಾವೂ ನಾಯಕನೂ ಒಂದೇ ಪಕ್ಷ, ಇಬ್ಬರಿಗೂ ಹೇಳಲು ಬಾಯಿಲ್ಲ. ಗಾಜಿನ ಈಚೆ ಕೂತ ನಾವು ಕೂಗಿದರೂ ಅವರಿಗೆ ಕೇಳಿಸದು. ಟಿವಿ ನೋಡುವವರ ಸ್ಥಿತಿಯನ್ನೇ ಕತೆಯೊಳಗೆ ತಂದಿಟ್ಟ ಹಾಗಾಯಿತು.

ನಮ್ಮಲ್ಲಿ ಈಚೆಗೆ ಕಡಿಮೆ ಖರ್ಚಿನ ಸಸ್ಪೆನ್ಸ್ ಕಿರುಚಿತ್ರಗಳು ತುಂಬ ಬರುತ್ತಿವೆ. ಒಂದೇ ರೂಮು, ಒಬ್ಬನೇ ನಟ, ಲಿಫ್ಟಲ್ಲೋ ಕಾರಲ್ಲೋ ಸಿಕ್ಕಿಬಿದ್ದವನು. ಒಳ್ಳೆಯ ಯೋಚನೆಗಳು. ಆದರೆ ಐದು ನಿಮಿಷ ಆಗುವಷ್ಟರಲ್ಲಿ ಮಾಡಿದವರಿಗೇ ಧೈರ್ಯ ಸಾಲುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಬರುತ್ತದೆ, ಹಿನ್ನೆಲೆ ಸಂಗೀತ ಕಿವಿ ತುಂಬುತ್ತದೆ, ಎಲ್ಲಿಂದಲೋ ಒಬ್ಬ ಖಳ ಹುಟ್ಟುತ್ತಾನೆ. ಈ ಕಂತಿನಲ್ಲಿ ಖಳನೇ ಇಲ್ಲ. ಹಾಗಿದ್ದೂ ಪ್ರತಿ ದೃಶ್ಯದಲ್ಲಿ ನಾಯಕನ ಕೈಯಿಂದ ಒಂದು ವಸ್ತು ಜಾರುತ್ತದೆ. ಮೊದಲು ಮೈ, ಆಮೇಲೆ ಬಟ್ಟೆ, ಹೆಸರು, ಬೆರಳು. ಹೊಸದಾಗಿ ಏನನ್ನೂ ಸೇರಿಸದೆ ಬರೀ ಕಳೆಯುತ್ತಾ ಹೋಗಿ ಕತೆ ಮುಂದೆ ಸಾಗಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಡ್ಡಿಗಳು ಸಾಮಾನ್ಯವಾಗಿರಲಿ, ದಿನಾ ಆಗುವಂಥವೇ ಇರಲಿ. ಪರಿಹಾರದ ಬೀಜ ಮೊದಲ ದೃಶ್ಯದಲ್ಲೇ ಬಿದ್ದಿರಲಿ, ಆದರೆ ಅದು ಪರಿಹಾರದ ಹಾಗೆ ಕಾಣದಿರಲಿ. ಫೋನಲ್ಲಿ ನೌಕರ ಅತ್ತಾಗ ಇದೇ ಮುಂದೆ ಯಜಮಾನನ ಜೀವ ಉಳಿಸುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಆ ದೃಶ್ಯಕ್ಕೆ ಅದರದೇ ಆದ ತೂಕ ಇದೆ. ಅಲ್ಲಿ ನಾವು ನೌಕರನಿಗಾಗಿ ಮರುಗುತ್ತಿರುತ್ತೇವೆ.

ಕಂತನ್ನು ನೋಡಿ ಆದ ಮೇಲೆ ಇನ್ನೊಂದು ಕೆಲಸ ಮಾಡಿ. ಅಪಘಾತದಿಂದ ಮುಂದಕ್ಕೆ ಒಮ್ಮೆ ದನಿ ಪೂರ್ತಿ ನಿಲ್ಲಿಸಿ ನೋಡಿ. ಒಳದನಿ ಇಲ್ಲದಿದ್ದರೆ ನೀವೂ ಆ ಅಧಿಕಾರಿಗಳ ಜಾಗದಲ್ಲೇ ನಿಂತಿರುತ್ತೀರಿ. ಎದುರಿಗಿರುವುದು ಹೆಣ ಅನ್ನುವುದರಲ್ಲಿ ನಿಮಗೂ ಅನುಮಾನ ಬರುವುದಿಲ್ಲ, ಬೆರಳು ತೋರಿಸುವ ಹತ್ತಿರದ ಶಾಟ್ ಬರುವ ತನಕ. ಆಮೇಲೆ ಪರದೆಗೆ ಬೆನ್ನು ಹಾಕಿ ದನಿ ಮಾತ್ರ ಕೇಳಿ. ಯಾವ ಸಂಗತಿಗೆ ದನಿಯೊಂದೇ ಸಾಕಾಯಿತು, ಯಾವುದಕ್ಕೆ ಚಿತ್ರ ಬೇಕೇ ಬೇಕಾಯಿತು ಅಂತ ದೃಶ್ಯವಾರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬನೇ ನಟನನ್ನು ಇಟ್ಟುಕೊಂಡು ಸ್ಕ್ರಿಪ್ಟ್ ಬರೆಯಲು ಕೂತಾಗ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.